ಜಪಾನಿನ ಸಾಂಪ್ರದಾಯಿಕ ಬದುಕನ್ನು ಹತ್ತಿರದಿಂದ ಕಾಣಲು ಎಲ್ಲಿ ಉಳಿಯಬೇಕು? (ನವೆಂಬರ್, ತಂದೆತಾಯಿಯೊಂದಿಗೆ)

ಪ್ರಶ್ನೆ – ಮೈಸೂರಿನ ಓದುಗಿ

ಎಲ್ಲರಿಗೂ ನಮಸ್ಕಾರ. ಬರುವ ನವೆಂಬರಿನ ಮೊದಲ ಹತ್ತು ದಿನ ಅಪ್ಪ ಅಮ್ಮನನ್ನು ಕರೆದುಕೊಂಡು ಜಪಾನಿಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ವಿಚಾರಿಸಿದ ಕಡೆಯಿಂದ ಬಂದ ಪಟ್ಟಿಯಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ಇರುವುದು ಮೂರೇ: ಕಿಮೋನೊ ತೊಟ್ಟು ಫೋಟೊ ತೆಗೆಸಿಕೊಳ್ಳುವುದು, ಅರ್ಧ ಗಂಟೆಯ ಚಹಾ ಪ್ರದರ್ಶನ, ಕ್ಯೋಟೋದ ಗಿಯೋನ್ ಬೀದಿಯಲ್ಲಿ ಗೇಷಾಗಳಿಗಾಗಿ (ಸಾಂಪ್ರದಾಯಿಕ ನೃತ್ಯ ಸಂಗೀತದ ಕಲಾವಿದೆಯರಿಗಾಗಿ) ಕಾಯುವುದು. ಇವನ್ನು ತಪ್ಪೆನ್ನಲಾರೆ, ಆದರೆ ಅಲ್ಲಿನವರು ಇಂದಿಗೂ ತಮಗಾಗಿ ನಡೆಸಿಕೊಂಡು ಬಂದಿರುವ ಆಚರಣೆಯೊಂದನ್ನು ಒಂದು ದಿನವಾದರೂ ಅವರ ನಡುವೆ ಕುಳಿತು ಕಾಣಬೇಕೆಂಬುದು ನನ್ನ ಆಸೆ.

ನಮ್ಮ ಕಟ್ಟುಪಾಡುಗಳನ್ನೂ ಹೇಳಿಬಿಡುತ್ತೇನೆ. ಮೂವರೂ ಸಸ್ಯಾಹಾರಿಗಳು, ಅಮ್ಮ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಅಪ್ಪ ನಿವೃತ್ತ ಸಂಸ್ಕೃತ ಅಧ್ಯಾಪಕರು, ದೇವಸ್ಥಾನಗಳೆಂದರೆ ಅವರಿಗೆ ಬೇಸರವೆಂಬುದೇ ಇಲ್ಲ. ಒಸಾಕಾ, ಕ್ಯೋಟೋ ಸುತ್ತಮುತ್ತ ಇರಲು ಯೋಚಿಸಿದ್ದೇವೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1 – ಒಸಾಕಾದಲ್ಲಿ ನೆಲೆಸಿರುವವರು

ನಮಸ್ಕಾರ ಮೇಡಂ. ನಿಮ್ಮ ಆಸೆ, ಊಟದ ಕಟ್ಟುಪಾಡು, ತಂದೆಯವರ ದೇವಸ್ಥಾನದ ಒಲವು ಮೂರನ್ನೂ ಓದಿದಾಗ ನನಗೆ ತಕ್ಷಣ ನೆನಪಾದದ್ದು ಕೋಯಾಸಾನ್. ವಾಕಾಯಾಮಾ ಪ್ರಾಂತ್ಯದಲ್ಲಿ, ಸುಮಾರು 800 ಮೀಟರ್ ಎತ್ತರದಲ್ಲಿ, ಬೆಟ್ಟಗಳ ನಡುವಿನ ಬಯಲಿನಲ್ಲಿರುವ ಮಠಗಳ ಊರು ಅದು. ಕೂಕಾಯ್ ಎಂಬ ಬೌದ್ಧ ಸನ್ಯಾಸಿ ಚೀನಾಕ್ಕೆ ಹೋಗಿ ಮಂತ್ರಯಾನವನ್ನು (ಮಂತ್ರಪ್ರಧಾನ ಬೌದ್ಧ ಮಾರ್ಗವನ್ನು) ಕಲಿತು ಬಂದು, 816ರಲ್ಲಿ ಚಕ್ರವರ್ತಿಯಿಂದ ಈ ಬೆಟ್ಟವನ್ನು ಪಡೆದು ಕಟ್ಟಿದ ಕ್ಷೇತ್ರ. ಅವರ ಪಂಥದ ಹೆಸರಾದ ‘ಶಿಂಗೋನ್’ ಎಂಬುದು ನಮ್ಮ ‘ಮಂತ್ರ’ ಶಬ್ದಕ್ಕೆ ಮಾಡಿದ ಅನುವಾದ.

ಅಲ್ಲಿರುವ ನೂರಕ್ಕೂ ಹೆಚ್ಚು ಮಠಗಳಲ್ಲಿ ಐವತ್ತರಷ್ಟು ಮಠಗಳು ಯಾತ್ರಿಕರಿಗೆ ವಸತಿ ಕೊಡುತ್ತವೆ. ಇದಕ್ಕೆ ‘ಶುಕುಬೋ’ ಎನ್ನುತ್ತಾರೆ. ಒಬ್ಬರಿಗೆ 10,000 ಯೆನ್‌ಗಿಂತ ಕಡಿಮೆಗೆ ಸಿಗುವುದು ಅಪರೂಪ, ಆದರೆ ರಾತ್ರಿಯ ಮತ್ತು ಬೆಳಗಿನ ಊಟ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ. ಅಲ್ಲಿ ಬಡಿಸುವುದು ಸನ್ಯಾಸಿಗಳ ಅಡುಗೆಯಾದ ‘ಶೋಜಿನ್ ರ್ಯೋರಿ’. ಮಾಂಸ, ಮೀನು ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯಂತಹ ಘಾಟಿನ ಪದಾರ್ಥಗಳೂ ಸಂಪ್ರದಾಯದಂತೆ ನಿಷಿದ್ಧ. ಸಾರಿನ ತಿಳಿಯನ್ನು ಸಹ ಕೊಂಬು ಎಂಬ ಕಡಲಪಾಚಿ ಮತ್ತು ಒಣ ಅಣಬೆಯಿಂದ ತೆಗೆಯುತ್ತಾರೆ. ನಿಮ್ಮ ತಾಯಿಯವರು ಅಣಬೆ ತಿನ್ನದಿದ್ದರೆ ಮಾತ್ರ ಕಾಯ್ದಿರಿಸುವಾಗಲೇ ಬರೆದು ತಿಳಿಸಿ. ಎಳ್ಳನ್ನು ನುಣ್ಣಗೆ ಅರೆದು, ಕುಜು ಗೆಡ್ಡೆಯ ಹಿಟ್ಟಿನೊಂದಿಗೆ ಕೈಬಿಡದೆ ತೊಳಸಿ ಹೆಪ್ಪುಗಟ್ಟಿಸಿದ ‘ಗೊಮಾದೋಫು’ವನ್ನು ಕೆಂಪು ಅರಗಿನ ಬಣ್ಣದ ಪುಟ್ಟ ಬಟ್ಟಲಿನಲ್ಲಿಟ್ಟು ಕೊಡುತ್ತಾರೆ. ಬಾಯಲ್ಲಿಟ್ಟರೆ ನಮ್ಮ ರಾಗಿ ಹಾಲುಬಾಯಿಯ ಮೃದುತ್ವವೇ, ಸಿಹಿಯೊಂದಿಲ್ಲ.

ಬೆಳಗಿನ ಪೂಜೆ ಆರು, ಆರೂವರೆಗೆ ಆರಂಭವಾಗುತ್ತದೆ. ಎಕೋಇನ್‌ನಂತಹ ಮಠಗಳಲ್ಲಿ ಅದಾದ ಮೇಲೆ ‘ಗೊಮಾ’ ನಡೆಯುತ್ತದೆ. (ಎಳ್ಳಿಗೂ ಅದೇ ಉಚ್ಚಾರ, ಆದರೆ ಇದು ಬೇರೆ ಪದ.) ಇದು ನಮ್ಮ ‘ಹೋಮ’ವೇ: ಅಗ್ನಿಕುಂಡ, ಸಮಿತ್ತು, ಎಣ್ಣೆಯ ಆಹುತಿ, ಎದುರಿಗೆ ಸಾಮಾನ್ಯವಾಗಿ ಅಚಲನಾಥನೆಂಬ ಬೌದ್ಧ ರಕ್ಷಕ ದೇವತೆ. ನಾನು ಮೊದಲ ಬಾರಿ ನೋಡಿದಾಗ ನಗಾರಿಯ ಸದ್ದಿನ ನಡುವೆ ‘ಸೊವಾಕಾ’ ಎಂಬ ಶಬ್ದ ಮತ್ತೆ ಮತ್ತೆ ಕಿವಿಗೆ ಬಿತ್ತು. ಅದು ‘ಸ್ವಾಹಾ’ ಎಂದು ಹೊಳೆಯಲು ಒಂದು ನಿಮಿಷ ಹಿಡಿಯಿತು, ಹೊಳೆದ ಮೇಲೆ ಕಣ್ಣು ತುಂಬಿ ಬಂದಿತ್ತು. ನಿಮ್ಮ ತಂದೆಯವರು ಇದನ್ನು ತಪ್ಪದೇ ಕೇಳಬೇಕು.

ಒಸಾಕಾದ ನಂಬಾ ನಿಲ್ದಾಣದಿಂದ ನಾನ್‌ಕಾಯ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯಲ್ಲಿ ಗೊಕುರಾಕುಬಾಶಿ, ಅಲ್ಲಿಂದ ಐದು ನಿಮಿಷ ಕೇಬಲ್ ಕಾರು, ಅನಂತರ ಬಸ್ಸು. ಸಂಜೆ ಐದರೊಳಗೆ ಮಠ ಸೇರಿಕೊಳ್ಳಿ, ಏಕೆಂದರೆ ರಾತ್ರಿಯ ಊಟ ಐದೂವರೆ, ಆರಕ್ಕೇ ಬರುತ್ತದೆ. ನವೆಂಬರ್ ಆರಂಭದಲ್ಲಿ ಮೇಪಲ್ ಎಲೆಗಳು ಕೆಂಪಾಗಿರುವುದರಿಂದ ಜನವೂ ಹೆಚ್ಚು, ಆದ್ದರಿಂದ ಈಗಲೇ ಕಾಯ್ದಿರಿಸಿ. ರಾತ್ರಿ ಚಳಿ ಜೋರಾಗಿರುತ್ತದೆ.

ಉತ್ತರ 2 – ಕ್ಯೋಟೋದಲ್ಲಿ ಚಹಾವಿಧಿ ಕಲಿಯುತ್ತಿರುವವರು

ಕೋಯಾಸಾನ್ ಕುರಿತ ಮಾತುಗಳಿಗೆ ನನ್ನದೂ ಪೂರ್ಣ ಒಪ್ಪಿಗೆ. ಚಹಾದ ಬಗ್ಗೆ ಮಾತ್ರ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ನೀವು ಬರುವ ಕಾಲ ತುಂಬ ಒಳ್ಳೆಯದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೆಲದ ಮೇಲಿಟ್ಟ ಅಗ್ಗಿಷ್ಟಿಕೆಯಲ್ಲಿ ನೀರು ಕಾಯಿಸುವವರು ನವೆಂಬರ್‌ನಲ್ಲಿ ತತಾಮಿ ಚಾಪೆಯ ನಡುವೆ ಹುದುಗಿರುವ ಒಲೆಯನ್ನು ತೆರೆಯುತ್ತಾರೆ. ‘ರೊಬಿರಾಕಿ’ ಎಂಬ ಈ ದಿನ ಚಹಾ ಮನೆತನಗಳಿಗೆ ಹೊಸ ವರ್ಷದ ಹಾಗೆ.

ಅರ್ಧ ಗಂಟೆಯ ಪ್ರದರ್ಶನದ ಬದಲು ಕ್ಯೋಟೋದ ದಕ್ಷಿಣಕ್ಕಿರುವ ಊಜಿಗೆ ಹೋಗಿ. 1053ರಲ್ಲಿ ಕಟ್ಟಿದ, ಬ್ಯೋದೋಇನ್ ಬೌದ್ಧ ದೇವಾಲಯದ ಫೀನಿಕ್ಸ್ ಮಂಟಪವನ್ನು ನೋಡಿ, ಪಕ್ಕದಲ್ಲೇ ನದಿಯ ದಡದಲ್ಲಿ ಊಜಿ ನಗರಾಡಳಿತ ನಡೆಸುವ ತಾಯ್‌ಹೋಆನ್ ಎಂಬ ಚಹಾಮನೆಯಲ್ಲಿ ಕುಳಿತುಕೊಳ್ಳಿ. ಅಲ್ಲಿ ಯಾರೂ ನಿಮಗಾಗಿ ನಟಿಸುವುದಿಲ್ಲ. ಮೊದಲು ಸಿಹಿ ಬರುತ್ತದೆ, ಅದನ್ನು ತಿಂದು ಮುಗಿಸಿದ ಮೇಲೆ ಬಟ್ಟಲು. ಬಟ್ಟಲಿನ ಚೆಂದದ ಮುಖವನ್ನು ಅತಿಥಿಯ ಕಡೆಗೆ ತಿರುಗಿಸಿ ಇಡುತ್ತಾರೆ. ಆ ಮುಖಕ್ಕೆ ತುಟಿ ತಾಗದಂತೆ ನಾವು ಅದನ್ನು ಅಂಗೈಯಲ್ಲಿಟ್ಟು ಎರಡು ಬಾರಿ ಮೆಲ್ಲಗೆ ತಿರುಗಿಸಿ ಕುಡಿಯಬೇಕು. ಮಾತು ನಿಂತಾಗ ಕಬ್ಬಿಣದ ಕೆಟಲಿನಲ್ಲಿ ನೀರು ಸಣ್ಣಗೆ ಸುಯ್ಗುಡುವುದು ಕೇಳುತ್ತದೆ. ಅದಕ್ಕೆ ‘ಮತ್ಸುಕಾಜೆ’, ಪೈನ್ ಮರಗಳಲ್ಲಿ ಬೀಸುವ ಗಾಳಿ, ಎಂದು ಹೆಸರು.

ಗಿಯೋನ್‌ನಲ್ಲಿ ದಯವಿಟ್ಟು ಓಣಿಗಳಲ್ಲಿ ಕಾಯಬೇಡಿ. ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳನ್ನು ಪ್ರವಾಸಿಗರು ಅಡ್ಡಗಟ್ಟಿ ಫೋಟೊ ತೆಗೆಯುತ್ತಿದ್ದುದರಿಂದ ಬೇಸತ್ತ ನಿವಾಸಿಗಳು 2024ರಲ್ಲಿ ಖಾಸಗಿ ಓಣಿಗಳ ಪ್ರವೇಶವನ್ನೇ ನಿಷೇಧಿಸಿದರು, ದಂಡ 10,000 ಯೆನ್. ಗೇಷಾಗಳ ಕಲೆಯನ್ನು ನಿಜವಾಗಿ ನೋಡಬೇಕೆಂದಿದ್ದರೆ ನವೆಂಬರ್ 1ರಿಂದ 10ರವರೆಗೆ ನಡೆಯುವುದು ವಾಡಿಕೆಯಾಗಿರುವ ‘ಗಿಯೋನ್ ಒದೊರಿ’ ಎಂಬ ನೃತ್ಯ ಪ್ರದರ್ಶನಕ್ಕೆ ಟಿಕೆಟ್ ಕೊಳ್ಳಿ. ವರ್ಷವಿಡೀ ಕಲಿತದ್ದನ್ನು ಅವರು ಅಲ್ಲಿ ರಂಗದ ಮೇಲೆ ತೋರಿಸುತ್ತಾರೆ.

ಮೈಸೂರಿನ ಓದುಗಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ‘ಸೊವಾಕಾ’ದ ವಿಷಯ ಓದಿ ಹೇಳಿದಾಗಿನಿಂದ ಅಪ್ಪ ಹೊರಡುವ ದಿನವನ್ನೇ ಎಣಿಸುತ್ತಿದ್ದಾರೆ. ಒಂದು ಮಾತು ಬರೆಯಲು ಮರೆತಿದ್ದೆ: ಅಮ್ಮನಿಗೆ ಮೊಣಕಾಲು ನೋವಿದೆ, ನೆಲದ ಮೇಲೆ ಹೆಚ್ಚು ಹೊತ್ತು ಕುಳಿತುಕೊಳ್ಳಲಾರರು. ಮಠದಲ್ಲಿ, ಚಹಾಮನೆಯಲ್ಲಿ ತೊಂದರೆಯಾಗುವುದೇ? ಉಳಿದ ದಿನಗಳಲ್ಲಿ ಹೋಟೆಲುಗಳ ಊಟವನ್ನು ನಂಬಬಹುದೇ?

ಉತ್ತರ 3 – ಕಳೆದ ವರ್ಷ ಹೋಗಿ ಬಂದವರು, ಹುಬ್ಬಳ್ಳಿ

ಊಟದ ಬಗ್ಗೆ ನಮಗಾದ ನೋವನ್ನು ಹೇಳುತ್ತೇನೆ, ಬೇರೆಯವರಿಗೆ ಆಗದಿರಲಿ. ಕ್ಯೋಟೋದ ಒಂದು ಹೋಟೆಲಿನಲ್ಲಿ ಮಾಂಸ, ಮೀನು, ಮೊಟ್ಟೆ ಬೇಡವೆಂದು ಸ್ಪಷ್ಟವಾಗಿ ಹೇಳಿಯೇ ಕುಳಿತಿದ್ದೆವು. ತೋಫು ಹಾಕಿದ ತಿಳಿಸಾರನ್ನು ತಂದಿಟ್ಟರು. ಅರ್ಧ ಬಟ್ಟಲು ಕುಡಿದ ಮೇಲೆ ನಮ್ಮ ಅತ್ತೆಯವರು ‘ಏನೋ ವಾಸನೆ’ ಎಂದರು. ವಿಚಾರಿಸಿದರೆ ಸಾರಿನ ತಿಳಿ, ಅಂದರೆ ‘ದಾಶಿ’, ಒಣಗಿಸಿದ ಮೀನಿನಿಂದ ತೆಗೆದದ್ದು. ಬಡಿಸಿದವರು ಮೋಸ ಮಾಡಿರಲಿಲ್ಲ. ಮೀನಿನ ತುಂಡು ಇಲ್ಲದಿದ್ದರೆ ಅದು ಮೀನಿನ ಅಡುಗೆಯಲ್ಲವೆಂದು ಅವರು ತಿಳಿದಿದ್ದರು. ಅತ್ತೆಯವರು ಎರಡು ದಿನ ಹಣ್ಣು ಮತ್ತು ನಾವು ಕೊಂಡೊಯ್ದಿದ್ದ ಅವಲಕ್ಕಿಯಲ್ಲೇ ಕಳೆದರು. ಅಲ್ಲಿಂದ ಮುಂದೆ ಎಲ್ಲ ಕಡೆಯೂ ‘ಕತ್ಸುಒ ದಾಶಿ ಮೊ ತಾಬೆರಾರೆಮಾಸೆನ್’ (ಮೀನಿನ ತಿಳಿಯನ್ನೂ ತಿನ್ನಲಾರೆವು) ಎಂದು ಜಪಾನಿಯಲ್ಲಿ ಬರೆಸಿಕೊಂಡ ಚೀಟಿಯನ್ನು ತೋರಿಸಿದೆವು. ಮಿಸೊ ಸಾರು, ನೂಡಲ್ಸ್, ಬೇಯಿಸಿದ ತರಕಾರಿ ಎಲ್ಲದಕ್ಕೂ ಈ ಪ್ರಶ್ನೆ ಕೇಳಲೇಬೇಕು.

ಉತ್ತರ 2ರವರು ಮತ್ತೆ

ಮೊಣಕಾಲಿನ ಬಗ್ಗೆ ಸಂಕೋಚ ಬೇಡ. ಮೇಜು ಕುರ್ಚಿಗಳಲ್ಲಿ ಕುಳಿತು ನಡೆಸುವ ‘ರ್ಯೂರೆ’ ಎಂಬ ಕ್ರಮವನ್ನು 1872ರಲ್ಲಿ, ಕ್ಯೋಟೋದ ವಸ್ತುಪ್ರದರ್ಶನಕ್ಕೆ ಬರುವ ವಿದೇಶೀಯರಿಗೆಂದು ಊರಾಸೆಂಕೆ ಎಂಬ ಚಹಾ ಮನೆತನದ ಹನ್ನೊಂದನೆಯ ಗುರುಗಳೇ ರೂಪಿಸಿದರು. ಅದು ರಿಯಾಯಿತಿಯಲ್ಲ, ವಿಧಿಯದೇ ಒಂದು ಅಂಗ. ಸ್ಥಳ ಕಾಯ್ದಿರಿಸುವಾಗ ರ್ಯೂರೆ ಇದೆಯೇ ಎಂದು ಕೇಳಿ.

ಉತ್ತರ 1ರವರು ಮತ್ತೆ

ಅನೇಕ ಮಠಗಳಲ್ಲಿ ಪೂಜೆಯ ವೇಳೆ ಗಿಡ್ಡ ಕುರ್ಚಿ ಕೊಡುತ್ತಾರೆ. ಊಟಕ್ಕೂ ಹಾಸಿಗೆಗೂ ಏನು ವ್ಯವಸ್ಥೆ ಇದೆಯೆಂದು ಮೊದಲೇ ಬರೆದು ಕೇಳಿ, ಫುತೋನ್ ಹಾಸಿಗೆ ನೆಲದ ಮೇಲೆಯೇ ಇರುತ್ತದೆ. ಕೋಯಾಸಾನ್‌ನಲ್ಲೇ ಇರುವ ಓಕುನೋಇನ್ ಸಮಾಧಿ ಕ್ಷೇತ್ರದ ಪೂರ್ಣ ದಾರಿ ಎರಡು ಕಿಲೋಮೀಟರ್. ತಾಯಿಯವರಿಗಾಗಿ ನಾಕಾನೊಹಾಶಿ ಸೇತುವೆಯ ಕಡೆಯಿಂದ ಒಳಹೋದರೆ ಅದರ ಅರ್ಧದಷ್ಟು ನಡೆದರೆ ಸಾಕು. ದೇವದಾರುಗಳ ಕೆಳಗೆ ಎರಡು ಲಕ್ಷಕ್ಕೂ ಮಿಕ್ಕಿ ಸ್ಮಾರಕಗಳಿವೆ. ಐದು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟ ಸ್ಮಾರಕ ಕಂಡಲ್ಲಿ ತಂದೆಯವರನ್ನು ನಿಲ್ಲಿಸಿ. ಕೆಳಗಿನ ಚೌಕ ಪೃಥ್ವಿ, ಅದರ ಮೇಲೆ ಜಲ, ಅಗ್ನಿ, ವಾಯು, ತುದಿಯಲ್ಲಿ ಆಕಾಶ. ಹಲವುಗಳ ಮೇಲೆ ಅ, ವ, ರ, ಹ, ಖ ಎಂಬ ಬೀಜಾಕ್ಷರಗಳನ್ನು ಸಂಸ್ಕೃತದ ಹಳೆಯ ಲಿಪಿಯಾದ ಸಿದ್ಧಂನಲ್ಲಿ ಕೆತ್ತಿದ್ದಾರೆ. ಪಾಚಿಯನ್ನು ಕೆರೆಯದೆ, ಪಕ್ಕಕ್ಕೆ ಸರಿದು ಓರೆ ಬೆಳಕಿನಲ್ಲಿ ನೋಡಿದರೆ ಅಕ್ಷರಗಳು ಕಾಣುತ್ತವೆ. ಕೊನೆಯ ಸೇತುವೆಯಾದ ಗೊಬ್ಯೋಬಾಶಿಯ ಬಳಿ ತಲೆಬಾಗಿ, ಕ್ಯಾಮೆರಾವನ್ನು ಚೀಲದೊಳಗಿಟ್ಟು ದಾಟಿ. ಅದರಾಚೆಗೆ ಕೂಕಾಯ್ ಇಂದಿಗೂ ಧ್ಯಾನದಲ್ಲಿದ್ದಾರೆಂಬ ನಂಬಿಕೆಯಿಂದ ದಿನಕ್ಕೆ ಎರಡು ಹೊತ್ತು ಅವರಿಗೆ ಊಟ ಕೊಂಡೊಯ್ಯುತ್ತಾರೆ. ಬೆಳಗಿನ ಹತ್ತೂವರೆಗೆ ನೀವು ಅಲ್ಲಿದ್ದರೆ ಆ ಪೆಟ್ಟಿಗೆ ಹೊತ್ತು ಹೋಗುವ ಸನ್ಯಾಸಿಗಳು ನಿಮ್ಮ ಪಕ್ಕದಲ್ಲೇ ಹಾದು ಹೋಗುತ್ತಾರೆ.