ಬಿದನೂರಿನ ಕಥೆ ಟೀವಿ ಚಿತ್ರವಾದರೆ: ಯುದ್ಧ ಬೇಕೆ, ಅರಮನೆ ಸಾಕೆ?

ಶರಾವತಿ ದಂಡೆ:
ಮಾಸ್ತಿಯವರ ‘ಚನ್ನಬಸವನಾಯಕ’ವನ್ನು ಟೀವಿ ಚಿತ್ರ ಮಾಡುವುದಾದರೆ ಹೇಗೆ ಮಾಡಬೇಕು ಎನ್ನುವ ಮಾತು ಇಲ್ಲಿ ಆಗಾಗ ಬಂದು ಅರ್ಧಕ್ಕೆ ನಿಲ್ಲುತ್ತದೆ. ಈ ಸಲ ಪೂರ್ತಿ ಮಾತಾಡೋಣ. ಓದದವರಿಗೆ ನಾಲ್ಕು ಮಾತು: ಬಿದನೂರು ಅಂದರೆ ನಮ್ಮ ಹೊಸನಗರ ತಾಲ್ಲೂಕಿನ ಈಗಿನ ನಗರ, ಕೆಳದಿ ಅರಸರ ಕೊನೆಯ ರಾಜಧಾನಿ. ಇತಿಹಾಸದ ಪ್ರಕಾರ ಬಸಪ್ಪನಾಯಕ ತೀರಿಕೊಂಡ ಮೇಲೆ ದತ್ತುಮಗ ಚನ್ನಬಸವನಾಯಕನಿಗೆ ಪಟ್ಟವಾಯಿತು, ಆಡಳಿತ ರಾಣಿ ವೀರಮ್ಮಾಜಿಯ ಕೈಯಲ್ಲಿತ್ತು. ತಾಯಿಗೂ ಮಗನಿಗೂ ಮುರಿಯಿತು. ಅರಮನೆಯ ಒಳಜಗಳವೇ ಹೊರಗಿನವರಿಗೆ ದಾರಿಯಾಗಿ, 1763ರಲ್ಲಿ ಹೈದರಾಲಿ ಬಿದನೂರು ಹಿಡಿದ.

ಈಗ ಲೆಕ್ಕ. ಎರಡು ಗಂಟೆಯ ಸ್ಲಾಟಿನಲ್ಲಿ ಗಂಟೆಗೆ 12 ನಿಮಿಷ ಜಾಹೀರಾತಿಗೆ ಹೋದರೆ ಉಳಿಯುವುದು 96 ನಿಮಿಷ. ದಿನಕ್ಕೆ ಐದು ನಿಮಿಷದ ದೃಶ್ಯ ಮುಗಿಸಿದರೂ ಚಿತ್ರೀಕರಣಕ್ಕೆ 19-20 ದಿನ ಬೇಕು. ಈ ಅಳತೆಯಲ್ಲಿ ಯುದ್ಧ ಹಿಡಿಸುವುದಿಲ್ಲ. ಐವತ್ತು ಜನರನ್ನು ಓಡಾಡಿಸಿ ದಂಡು ಅಂತ ತೋರಿಸಿದರೆ ಊರ ಜಾತ್ರೆ ಕಂಡಂತೆ ಕಾಣುತ್ತದೆ. ಇದು ತಾಯಿ ಮಗನ ಕಥೆ. ಅರಮನೆಯ ನಾಲ್ಕು ಕೋಣೆ, ಒಂದು ಅಂಗಳ, ಒಂದು ಕೋಟೆ ಬಾಗಿಲು ಸಾಕು ಅನ್ನುವುದು ನನ್ನ ಪಕ್ಷ.

ಕವಲೇದುರ್ಗ:
ಒಪ್ಪುವುದಿಲ್ಲ ಸರ್. ಹೈದರನ ದಂಡು ಕಾಣದೆ ಹೋದರೆ ರಾಣಿಯ ಭಯಕ್ಕೆ ಬುಡವೇ ಇರುವುದಿಲ್ಲ. ಆ ದಂಡು ಬಂದ ದಾರಿ ಇವತ್ತಿಗೂ ನಮ್ಮ ಕಣ್ಣ ಮುಂದಿದೆ: ಶಿವಮೊಗ್ಗ, ಕುಂಸಿ, ಆನಂದಪುರ, ಅಲ್ಲಿಂದ ಬಿದನೂರು. ಮೊದಲೆರಡು ಹೆಜ್ಜೆ ನಾವು ದಿನಾ ಬಸ್ಸಿನಲ್ಲಿ ಹೋಗುವ ಸಾಗರ ರಸ್ತೆಯೇ. ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ 1810ರಲ್ಲಿ ಬರೆದ ಇತಿಹಾಸದಲ್ಲಿ, ದಂಡು ಹತ್ತಿರವಾದ ಹಾಗೆಲ್ಲ ರಾಣಿ ಕೊಡುತ್ತೇನೆಂದ ವರಹಗಳ ಮೊತ್ತ ಏರುತ್ತಾ ಹೋಗುವ ವಿವರ ಇದೆ. ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಕೋಟೆಗೆ ಒಳದಾರಿ ತೋರಿಸಿದ್ದೂ ಇದೆ. ಇಷ್ಟು ದೃಶ್ಯ ಬಿಟ್ಟು ಕೋಣೆಯಲ್ಲಿ ಕೂತರೆ ಅದು ರೇಡಿಯೋ ನಾಟಕವಾಗುತ್ತದೆ.

ಶರಾವತಿ ದಂಡೆ:
ನೀವು ಹೇಳಿದ ಆ ಏರುವ ಮೊತ್ತವೇ ನನಗೆ ಬೇಕಾದದ್ದು. ಅದನ್ನು ಖಜಾನೆಯ ಕೋಣೆಯಲ್ಲಿ ತೋರಿಸಿ. ಮೊದಲ ಸಲ ಎರಡು ಪೆಟ್ಟಿಗೆ ಹೊರಗೆ ಹೋಗುತ್ತವೆ, ಲೆಕ್ಕದವರು ಕಡತಕ್ಕೆ ಬರೆಯುತ್ತಾರೆ. ಎರಡನೆಯ ಸಲ ಎಂಟು ಪೆಟ್ಟಿಗೆ ಹೋಗುತ್ತವೆ, ಕಡತ ತೆಗೆಯುವುದಕ್ಕೂ ಪುರಸೊತ್ತಿಲ್ಲ. ಮೂರನೆಯ ಸಲ ಪೆಟ್ಟಿಗೆ ಕಟ್ಟಿಟ್ಟಿದೆ, ಒಯ್ಯುವ ಆಳುಗಳೇ ಓಡಿಹೋಗಿದ್ದಾರೆ. ದಂಡು ಎಷ್ಟು ಹತ್ತಿರ ಬಂತು ಅನ್ನುವುದು ನೋಡುವವರಿಗೆ ಗೊತ್ತಾಗುತ್ತದೆ, ಒಂದು ಕುದುರೆಯೂ ಬೇಡ.

ಸಂಕಲನ ಶಿವಮೊಗ್ಗ:
ಇದು ಜಾಹೀರಾತಿನ ವಿರಾಮಕ್ಕೂ ಹೊಂದುತ್ತದೆ. 96 ನಿಮಿಷವನ್ನು ಸುಮಾರು 13 ನಿಮಿಷದ ಏಳೆಂಟು ತುಂಡಾಗಿ ಮುರಿಯುತ್ತಾರೆ. ಪ್ರತಿ ತುಂಡಿನ ಕೊನೆಗೆ ಕಥೆ ತಿರುಗದಿದ್ದರೆ ನೋಡುವವರು ಚಾನೆಲ್ ಬದಲಿಸುತ್ತಾರೆ. ಮೂರು ಸಲ ಪೆಟ್ಟಿಗೆ ಎತ್ತುವುದು ಮೂರು ವಿರಾಮಕ್ಕಾಯಿತು. ಆದರೆ ಮೂರಕ್ಕೂ ಒಂದೇ ಕೋನದಲ್ಲಿ ಕ್ಯಾಮೆರಾ ಇಡಬೇಡಿ, ಹಳೆಯ ದೃಶ್ಯವನ್ನೇ ಮತ್ತೆ ಹಾಕಿದರು ಅಂದುಕೊಳ್ಳುತ್ತಾರೆ. ಮೊದಲನೆಯದು ಬಾಗಿಲ ಹೊರಗಿಂದ, ಎರಡನೆಯದು ಒಳಗಿಂದ, ಮೂರನೆಯದು ರಾಣಿಯ ಮುಖದಿಂದ ಶುರುವಾಗಲಿ.

ಹೊಸನಗರ ಹೋಬಳಿ:
ಒಂದು ಮುಖ್ಯ ವಿಷಯ. ಮಲೆನಾಡು ಅಂದ ಕೂಡಲೇ ಕೊನೆಯ ದೃಶ್ಯಕ್ಕೆ ಜಡಿಮಳೆ ಹುಯ್ಯಿಸುವ ಚಾಳಿ ಇದೆಯಲ್ಲ, ಇಲ್ಲಿ ಅದು ಪೂರಾ ತಪ್ಪು. ಹೈದರ್ ಈ ಸೀಮೆಗೆ ಕಾಲಿಟ್ಟದ್ದು ಜನವರಿ ಕೊನೆಗೆ. ಅದು ಒಣಗಾಲ. ಮಳೆಗಾಲದಲ್ಲಿ ಇಲ್ಲಿಗೆ ಫಿರಂಗಿ ಎಳೆಯುವುದು ಆಗದ ಮಾತು, ಮಳೆಯೇ ಬಿದನೂರಿನ ಇನ್ನೊಂದು ಕೋಟೆಯಾಗಿತ್ತು. ಆ ಕಾಲ ನೋಡಿಕೊಂಡು ದಂಡು ಬಂತು ಅನ್ನುವುದು ಕಥೆಗೂ ಬಲ ಕೊಡುತ್ತದೆ. ಮಳೆಯನ್ನು ಚಿತ್ರದ ಮೊದಲ ಅರ್ಧಕ್ಕೆ ಇಟ್ಟುಕೊಳ್ಳಿ. ಕೊನೆಗೆ ಒಣ ಎಲೆ, ಧೂಳು, ಬೆಳಗಿನ ಮಂಜು.

ಹಾಗೇ, ನಿಜವಾದ ಮಳೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹಿಂದಿನಿಂದ ದೀಪ ಬಿದ್ದರೆ ಮಾತ್ರ ಹನಿ ಕಾಣುತ್ತದೆ, ಹಿನ್ನೆಲೆಯೂ ಕಪ್ಪಗಿರಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ, ಬರೀ ಮೋಡದ ಬೆಳಕಿನಲ್ಲಿ ತೆಗೆದರೆ ತೆರೆಯ ಮೇಲೆ ಬೂದು ಪರದೆ ಬಿಟ್ಟರೆ ಏನೂ ಇರುವುದಿಲ್ಲ.

ಇಕ್ಕೇರಿ ಅಕ್ಕ:
ಜಾಗ ಯಾವುದು ಅಂತ ಯಾರೂ ಹೇಳಲಿಲ್ಲ. ನಗರದ ಕೋಟೆಯಲ್ಲಿ ಅರಮನೆ ಉಳಿದಿಲ್ಲ, ಬುನಾದಿ, ಕೊಳ, ಗೋಡೆ ಅಷ್ಟೇ. 1763ರಲ್ಲಿ ಬೆಂಕಿ ಬಿತ್ತು, 1783ರಲ್ಲಿ ಇಂಗ್ಲಿಷರು ಹಿಡಿದು ಟಿಪ್ಪು ಮತ್ತೆ ಗೆದ್ದಾಗ ಇನ್ನೊಮ್ಮೆ ಪೆಟ್ಟು ತಿಂದಿತು. ಕೋಟೆ ಬಾಗಿಲು, ಬುರುಜು ಅಲ್ಲಿ ತೆಗೆದು, ಒಳಾಂಗಣಕ್ಕೆ ಹಳೆಯ ತೊಟ್ಟಿ ಮನೆ ಹುಡುಕಬೇಕು.

ಹೊಸನಗರ ಹೋಬಳಿ:
ಕೋಟೆಗೆ ಅನುಮತಿ ಬೇಕು ಅಕ್ಕ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರಿನೊಳಗೆ ಏನೂ ಕಟ್ಟುವ ಹಾಗಿಲ್ಲ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ತಾತ್ಕಾಲಿಕ ಸೆಟ್ಟಿಗೂ ತಕರಾರು ಬರುತ್ತದೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದು. ಅರ್ಜಿ ತಿಂಗಳುಗಟ್ಟಲೆ ಮೊದಲೇ ಹೋಗಬೇಕು, ಜನವರಿಯಲ್ಲಿ ತೆಗೆಯುವವರು ಮಳೆಗಾಲದಲ್ಲೇ ಕಾಗದ ಕೊಟ್ಟಿರಬೇಕು.

ಇಕ್ಕೇರಿ ಅಕ್ಕ:
ಸರಿ. ತೊಟ್ಟಿ ಮನೆಯಲ್ಲಿ ಮೂರು ಕಡೆ ಎಡವುತ್ತಾರೆ, ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಮಾಡು. ಇವತ್ತು ನಾವು ‘ಹಳೆ ಮನೆ’ ಅನ್ನುವುದಕ್ಕೆಲ್ಲ ಮಂಗಳೂರು ಹೆಂಚು ಇದೆ. ಆ ಹೆಂಚಿನ ಮೊದಲ ಕಾರ್ಖಾನೆ ಶುರುವಾದದ್ದೇ 1865ರಲ್ಲಿ, ಬಾಸೆಲ್ ಮಿಷನ್ನಿನವರಿಂದ. 1763ರ ಅರಮನೆಯ ಮೇಲೆ ಅದು ಕಂಡರೆ ನೂರು ವರ್ಷದ ತಪ್ಪು. ಕ್ಯಾಮೆರಾ ಮಾಡಿನ ಅಂಚಿಗಿಂತ ಕೆಳಗಿರಲಿ, ಅಥವಾ ಅಂಚಿನ ನಾಲ್ಕು ಸಾಲಿನ ಮೇಲೆ ಸೋಗೆ ಹೊದಿಸಿ.

ಎರಡನೆಯದು ನೆಲ. ಹೊಳೆಯುವ ಕೆಂಪು ನೆಲ ಸಿಮೆಂಟಿನ ಕಾಲದ್ದು. ಅದರ ಮೇಲೆ ನೇರವಾಗಿ ಸಗಣಿ ಸಾರಿಸಿದರೆ ಮನೆಯವರ ನೆಲ ಕಲೆಯಾಗುತ್ತದೆ, ಒಣಗಿದ ಮೇಲೆ ಪದರ ಏಳುತ್ತದೆ. ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 8x4 ಅಡಿಯ ಪ್ಲೈವುಡ್, ಸಂದಿಗೆ ಗೋಣಿಬಟ್ಟೆಯ ಪಟ್ಟಿ, ಆಮೇಲೆ ಜರಡಿ ಹಿಡಿದ ಮಣ್ಣು ತೆಳ್ಳಗೆ. ಕೊನೆಗೆ ಸಗಣಿಗೆ ಇದ್ದಿಲ ಪುಡಿ ಕಲಸಿ ಎರಡು ಸಲ ಸಾರಿಸಬೇಕು. ಮಣ್ಣು ಅರ್ಧ ಅಂಗುಲ ದಾಟಿದರೆ ಬಿರುಕು ಬಿಡುತ್ತದೆ. ಡಿಸೆಂಬರಿನ ಇಬ್ಬನಿಗೆ ಒಂದು ಸಾರಣೆ ಒಣಗಲು ಪೂರ್ತಿ ಒಂದು ದಿನ ಬೇಕು. ಹಸಿ ಇರುವಾಗಲೇ ನಟರು ನಡೆದರೆ ಎಲ್ಲ ದೃಶ್ಯದಲ್ಲೂ ಅದೇ ಹೆಜ್ಜೆ ಗುರುತು ಬರುತ್ತದೆ.

ಮೂರನೆಯದು ದೀಪ. ಲಾಟೀನು ಬೇಡ, ಸೀಮೆಎಣ್ಣೆ ಇನ್ನೂ ಬಂದಿರಲಿಲ್ಲ. ಎಣ್ಣೆ ದೀಪ, ಪಂಜು, ದೊಂದಿ ಮಾತ್ರ.

ಸಂಕಲನ ಶಿವಮೊಗ್ಗ:
ದೀಪದ ಬಗ್ಗೆ ಒಂದು ಎಚ್ಚರಿಕೆ. ಈಗಿನ ಕ್ಯಾಮೆರಾ ಎಣ್ಣೆ ದೀಪದಲ್ಲೂ ಚೆನ್ನಾಗಿ ತೆಗೆಯುತ್ತದೆ, ಸ್ಟುಡಿಯೋ ಪರದೆಯಲ್ಲಿ ಚಂದ ಕಾಣುತ್ತದೆ. ಅದೇ ಕೇಬಲ್‌ನಲ್ಲೋ ಮೊಬೈಲಿನಲ್ಲೋ ಬಂದಾಗ ಕತ್ತಲೆಯ ಜಾಗವೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ಮುಖಕ್ಕೆ ಮಾತ್ರವಲ್ಲ, ಹಿಂದಿನ ಗೋಡೆಗೂ ಮಂದ ಬೆಳಕು ಬೀಳಬೇಕು. ಟೀವಿಗೆ ಕಡುಗಪ್ಪು ಒಗ್ಗುವುದಿಲ್ಲ.

ಧ್ವನಿಗ್ರಾಹಿ:
ಜಾಗದಲ್ಲೇ ಮಾತು ಹಿಡಿಯುವುದಾದರೆ ಜೀರುಂಡೆಯ ಲೆಕ್ಕ ಇಟ್ಟುಕೊಳ್ಳಿ. ಸಂಜೆ ಕಾಡಂಚಿನಲ್ಲಿ ಅದರ ಕೂಗು ಕನ್ನಡದ ‘ಸ’ ‘ಶ’ ‘ಚ’ ಇರುವ ಎತ್ತರದ ಸ್ತರದಲ್ಲೇ ಕೂರುತ್ತದೆ. ಆಮೇಲೆ ಯಂತ್ರದಲ್ಲಿ ತೆಗೆಯಲು ಹೋದರೆ ಮಾತಿನ ಅಂಚೂ ಹೋಗಿ ನಟರು ಕಂಬಳಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಇನ್ನೊಂದು ತೊಂದರೆ: ಜನ ಓಡಾಡಿದರೆ ಜೀರುಂಡೆ ಥಟ್ಟನೆ ನಿಲ್ಲುತ್ತದೆ. ಒಂದು ಶಾಟಿನಲ್ಲಿ ಇದೆ, ಮುಂದಿನದರಲ್ಲಿ ಇಲ್ಲ, ಜೋಡಿಸಿದಾಗ ಪ್ರತಿ ಕತ್ತರಿಯೂ ಕಿವಿಗೆ ಬಡಿಯುತ್ತದೆ. ಮಾತಿನ ದೃಶ್ಯಗಳನ್ನು ಮಧ್ಯಾಹ್ನದೊಳಗೆ ಮುಗಿಸಿ, ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಬರೀ ಆವರಣದ ಸದ್ದು ತೆಗೆದುಕೊಳ್ಳಿ.

ಕವಲೇದುರ್ಗ:
ಆಯುಧದ ಬಗ್ಗೆಯೂ ಹೇಳಿಬಿಡುತ್ತೇನೆ. ಸುಲಭಕ್ಕೆ ಸಿಗುತ್ತದೆ ಅಂತ ಕೇಪಿನ ಕೋವಿ ತರುತ್ತಾರೆ. ಕೇಪು, ಅಂದರೆ ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿ, ಬಂದದ್ದು 19ನೆಯ ಶತಮಾನದಲ್ಲಿ. ಬಿದನೂರಿನವರ ಕೈಯಲ್ಲಿ ಬತ್ತಿಯಿಂದ ಹಚ್ಚುವ ಕೋವಿ ಇರಬೇಕು, ಉರಿಯುವ ಬತ್ತಿ ಕೈಗೆ ಸುತ್ತಿರಬೇಕು. ಕೇಪಿನದೇ ಬಳಸುವುದಾದರೆ ಕೋವಿಯ ಕುದುರೆ, ಅಂದರೆ ಕೇಪಿಗೆ ಬಡಿಯುವ ಭಾಗವನ್ನು, ಕೈಯಿಂದ ಮುಚ್ಚಿ ಹಿಡಿಯಲಿ, ಹತ್ತಿರದಿಂದ ತೋರಿಸಬೇಡಿ. ಮೇಲಿನಿಂದ ಡ್ರೋನ್ ಹಾರಿಸಿದರೆ ಅಕೇಶಿಯಾ ತೋಪು, ರಬ್ಬರ್ ತೋಟ, ಚಕ್ರಾ ಸಾವೆಹಕ್ಲು ಹಿನ್ನೀರು ಎಲ್ಲವೂ ಬರುತ್ತದೆ. ಅವು ಯಾವುವೂ ಆಗ ಇರಲಿಲ್ಲ. ದಂಡು ತೋರಿಸಬೇಕು ಅನ್ನುವ ನನ್ನ ಆಸೆಗೂ ಇದು ತೊಡಕು, ಆ ಲೆಕ್ಕದಲ್ಲಿ ಶರಾವತಿಯವರ ಖಜಾನೆ ಉಪಾಯ ಅಗ್ಗ ಬೀಳುತ್ತದೆ. ಆದರೂ ಕೋಟೆಯ ಮೇಲಿಂದ ದೂರದ ಪಂಜಿನ ಸಾಲು ಒಂದು ಸಲ ಕಾಣಲೇಬೇಕು. ರಾತ್ರಿಯಾದರೆ ಅಕೇಶಿಯಾ ಕಾಣುವುದಿಲ್ಲ, ಮೂವತ್ತು ಪಂಜು ಸಾಕು.

ಇಕ್ಕೇರಿ ಅಕ್ಕ:
ಪಂಜಿನ ಸಾಲು ಒಪ್ಪಿದೆ. ಉಡುಗೆ ವಿಷಯ: ಕೆಳದಿಯವರು ವೀರಶೈವರು. ರಾಣಿಯ ಹಣೆಗೆ ವಿಭೂತಿ, ಎದೆಯ ಮೇಲೆ ಇಷ್ಟಲಿಂಗದ ಕರಡಿಗೆ, ಪೂಜೆ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು. ಎಲ್ಲ ರಾಣಿಯರಿಗೂ ಒಂದೇ ಸಿಂಗಾರ ಮಾಡುವ ಮೇಕಪ್ಪಿನವರಿಗೆ ಇದನ್ನು ಬರೆದೇ ಕೊಡಬೇಕು. ಯಂತ್ರದ ಜರಿ ದೀಪದಲ್ಲಿ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಆಳುಗಳ ಬಟ್ಟೆಗೆ ಕೈಮಗ್ಗದ ಹತ್ತಿ ತಂದು ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿ. ಬಣ್ಣ ಗಟ್ಟಿ ಕೂರುತ್ತದೆ, ಒಗೆದರೂ ಹೋಗುವುದಿಲ್ಲ, ಕೊಯ್ಲಿನ ಕಾಲದಲ್ಲಿ ಊರೂರಲ್ಲೂ ಸಿಗುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ರಾಣಿಯ ಮೇಲಿನ ಅಪವಾದದ್ದು. ಆಪ್ತ ನಿಂಬಯ್ಯನ ಜೊತೆ ಸಂಬಂಧ, ಮಗನನ್ನು ಕೊಲ್ಲಿಸಿದಳು ಅನ್ನುವ ಮಾತು, ಇವು ಹೆಚ್ಚಾಗಿ ಬಂದಿರುವುದು ಹೊರಗಿನವರ, ಗೆದ್ದ ಕಡೆಯವರ ಬರಹಗಳಿಂದ. ಟೀವಿಯಲ್ಲಿ ಒಂದು ಹಾಸಿಗೆಯ ದೃಶ್ಯ, ಒಂದು ಕತ್ತು ಹಿಸುಕುವ ದೃಶ್ಯ ಹಾಕಿಬಿಟ್ಟರೆ ತೀರ್ಪು ಕೊಟ್ಟ ಹಾಗೆ. 1757ರಿಂದ ಆರು ವರ್ಷ ರಾಜ್ಯ ನಡೆಸಿದವಳು ಆಕೆ. ಅದನ್ನು ತೋರಿಸದೆ ಬರೀ ಕಳಂಕ ತೋರಿಸುವುದು ಅನ್ಯಾಯ.

ಕವಲೇದುರ್ಗ:
ಕಾದಂಬರಿಯೇ ಆ ಸಂಬಂಧವನ್ನು ಕಥೆಯ ಗಂಟಾಗಿ ಇಟ್ಟುಕೊಂಡಿದೆ ಅಕ್ಕ. ಅದನ್ನು ತೆಗೆದರೆ ಮಗ ಯಾಕೆ ಸಿಡಿದೆದ್ದ ಅನ್ನುವುದಕ್ಕೆ ಕಾರಣವೇ ಇಲ್ಲ. ಕಾದಂಬರಿಯ ಹೆಸರು ಹಾಕಿಕೊಂಡು ಅದರ ಗಂಟು ಬಿಚ್ಚಿ ಎಸೆಯುವುದೂ ಅನ್ಯಾಯವೇ.

ಇಕ್ಕೇರಿ ಅಕ್ಕ:
ತೆಗೆಯಿರಿ ಅನ್ನಲಿಲ್ಲ. ಯಾರ ಕಣ್ಣಿಂದ ತೋರಿಸುತ್ತೀರಿ ಅಂತ ಕೇಳಿದೆ. ಮಗನ ಕಣ್ಣಿಂದ ತೋರಿಸಿ: ಮುಚ್ಚಿದ ಬಾಗಿಲು, ಹೊರಗೆ ಬಿಟ್ಟ ಪಾದುಕೆ, ತಾಯಿ ಹೇಳದೆ ನಿಂಬಯ್ಯನ ಕೈಗೆ ಕೊಟ್ಟ ಮುದ್ರೆಯುಂಗುರ. ಅವನು ಕಂಡದ್ದಷ್ಟೇ ನಮಗೂ ಕಾಣಲಿ. ಮುಂದಿನ ದೃಶ್ಯದಲ್ಲಿ ಅದೇ ಮುದ್ರೆಯಿಂದ ರಾಣಿ ದಂಡಿನ ಸಂಬಳದ ಕಾಗದಕ್ಕೆ ಒಪ್ಪಿಗೆ ಹಾಕಿಸುತ್ತಾಳೆ. ಎರಡೂ ನಿಜ.

ಶರಾವತಿ ದಂಡೆ:
ಇದು ಚಿತ್ರಕಥೆಗೆ ನೇರ ಇಳಿಯುತ್ತದೆ. ಮುದ್ರೆಯುಂಗುರ ಎರಡು ದೃಶ್ಯ ಕಟ್ಟುತ್ತದೆ, ಮಾತು ಬೇಡ. ಮಗನ ಸಾವಿನ ವಿಷಯಕ್ಕೂ ಇದೇ ದಾರಿ. ಹೈದರನ ಪಾಳೆಯದಲ್ಲಿ ‘ನಾನೇ ಚನ್ನಬಸವ’ ಅಂತ ಒಬ್ಬ ಇದ್ದನಲ್ಲ, ಅವನು ನಿಜವೋ ಸುಳ್ಳೋ ಅಂತ ಇತಿಹಾಸದಲ್ಲಿ ಜಗಳ ಇದೆ. ಇದರಲ್ಲಿ ಮಾತ್ರ ಕಾದಂಬರಿ ಏನು ಹೇಳುತ್ತದೋ ಅದಕ್ಕೇ ನಿಲ್ಲಬೇಕು, ಎರಡು ದೋಣಿಯಲ್ಲಿ ಕಾಲಿಡಬಾರದು.

ಸಂಕಲನ ಶಿವಮೊಗ್ಗ:
ಬೆಂಕಿಯ ದೃಶ್ಯ ಯಾರೂ ಎತ್ತಲಿಲ್ಲ. ರಾಣಿ ಹೊರಟಾಗ ಅರಮನೆಗೆ ಬೆಂಕಿ ಬಿತ್ತು, ಹೈದರ್ ಬಂದವನೇ ಮೊದಲು ಅದನ್ನು ನಂದಿಸಿ ಸಿರಿವಂತರ ಮನೆಗಳಿಗೆ ಮುದ್ರೆ ಹಾಕಿಸಿದ ಅನ್ನುತ್ತದೆ ವಿಲ್ಕ್ಸ್. ಮರದ ತೊಟ್ಟಿ ಮನೆಯಲ್ಲಿ ನಿಜವಾದ ಬೆಂಕಿ ಯೋಚಿಸಲೂ ಬೇಡಿ. ಅಂಗಳದ ಹೊರಗೆ ಗ್ಯಾಸಿನ ಉರಿ, ಗೋಡೆಯ ಮೇಲೆ ಕಿತ್ತಳೆ ಬೆಳಕಿನ ಕುಣಿತ, ಮೇಲಿಂದ ಹುಲ್ಲಿನ ಬೂದಿ ಉದುರಿಸಿದರೆ ಸಾಕು. ಪತ್ರಿಕೆ ಸುಟ್ಟ ಬೂದಿ ಬೇಡ, ಹತ್ತಿರದ ಶಾಟಿನಲ್ಲಿ ಅಕ್ಷರ ಕಾಣುತ್ತದೆ.

ಹೊಸನಗರ ಹೋಬಳಿ:
ಚಿತ್ರ ಎಲ್ಲಿ ಮುಗಿಯಬೇಕು? ರಾಣಿ ಬಲ್ಲಾಳರಾಯನದುರ್ಗಕ್ಕೆ ಹೋಗಿ ಅಲ್ಲಿ ಸಿಕ್ಕಿಬಿದ್ದಳು, ಆಮೇಲೆ ಮಧುಗಿರಿಯ ಸೆರೆ. ವಿಲ್ಕ್ಸ್ ಪ್ರಕಾರ ಆ ‘ಚನ್ನಬಸವ’ನನ್ನೂ ಅದೇ ಸೆರೆಗೆ ಹಾಕಿದರು.

ಕವಲೇದುರ್ಗ:
ಮಧುಗಿರಿಯಲ್ಲೇ ಮುಗಿಯಲಿ. ಹೈದರ್ ಯಾರ ಹೆಸರು ಹೇಳಿಕೊಂಡು ಬಂದನೋ ಅವನನ್ನೂ ಸೆರೆಗೆ ತಳ್ಳಿದ್ದು ಈ ಕಥೆಯ ರಾಜಕೀಯವನ್ನೆಲ್ಲ ಹೇಳುತ್ತದೆ. ಮಧುಗಿರಿಯ ಬಂಡೆಗೆ ನಮ್ಮ ಕಡೆ ಬದಲಿ ಸಿಗುವುದಿಲ್ಲ, ಒಂದು ದಿನ ಅಲ್ಲಿಗೇ ಹೋಗಬೇಕು.

ಇಕ್ಕೇರಿ ಅಕ್ಕ:
ನಾನು ಬಲ್ಲಾಳರಾಯನದುರ್ಗದ ಪಕ್ಷ. ರಾಣಿ ತಾನೇ ತೀರ್ಮಾನ ತೆಗೆದುಕೊಂಡ ಕೊನೆಯ ಜಾಗ ಅದು, ಮಧುಗಿರಿಯಲ್ಲಿ ಬೇರೆಯವರ ತೀರ್ಮಾನ. ಇದರಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ ಅಂತ ಕಾಣುತ್ತದೆ.

ಶರಾವತಿ ದಂಡೆ:
ಎರಡೂ ಬರೆದಿಡೋಣ, ನಿರ್ದೇಶಕರು ಆರಿಸಲಿ. ಅದಕ್ಕೂ ಮೊದಲು ಹಕ್ಕಿನ ಕಾಗದ ಆಗಬೇಕು. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ, ಕೃತಿಸ್ವಾಮ್ಯ ಲೇಖಕರ ನಂತರ 60 ವರ್ಷ, ಅಂದರೆ 2046ರ ಕೊನೆಯವರೆಗೆ ಇರುತ್ತದೆ. ವಾರಸುದಾರರ ಒಪ್ಪಿಗೆ ಇಲ್ಲದೆ ಕಾದಂಬರಿಯ ಮಾತು, ಮಾಸ್ತಿಯವರು ಕಟ್ಟಿದ ಪಾತ್ರ ಯಾವುದನ್ನೂ ಮುಟ್ಟುವ ಹಾಗಿಲ್ಲ. ಒಪ್ಪಂದದಲ್ಲಿ ‘ಟೀವಿ ಪ್ರಸಾರ’ ಅಂತ ಮಾತ್ರ ಬರೆದರೆ ಸಾಲದು, ಮರುಪ್ರಸಾರ ಎಷ್ಟು ಸಲ, ಇಂಟರ್‌ನೆಟ್ಟಿನಲ್ಲಿ ಎಷ್ಟು ವರ್ಷ, ಉಪಶೀರ್ಷಿಕೆಯ ಭಾಷೆ ಯಾವುವು ಅನ್ನುವುದನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಇಂಟರ್‌ನೆಟ್ಟಿನ ಸಾಲು ಬಿಟ್ಟುಹೋದರೆ ಚಿತ್ರ ಒಂದು ಸಲ ಬಂದು ಪೆಟ್ಟಿಗೆ ಸೇರುತ್ತದೆ.