ಸಹಾಯ ಬೇಕು: ಮಗುವಿನ ಉಸಿರು ಎಣಿಸುವುದು ಯಾವಾಗ?

ನಮ್ಮದು ಉಡುಪಿ. ಮಗಳಿಗೆ 14 ತಿಂಗಳು. ನ್ಯುಮೋನಿಯಾ ಅಂತ ಐದು ದಿನ ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದೆವು. ಜ್ವರ ಇಲ್ಲ, ಗಂಜಿ ತಿನ್ನುತ್ತಾಳೆ, ಕೆಮ್ಮು ಸ್ವಲ್ಪ ಉಳಿದಿದೆ.

ಒಂದು ವರ್ಷ ದಾಟಿದ ಮಗು ನಿಮಿಷಕ್ಕೆ 40 ಅಥವಾ ಜಾಸ್ತಿ ಸಲ ಉಸಿರಾಡಿದರೆ, ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಗುಳಿ ಬಿದ್ದರೆ ತಕ್ಷಣ ಕರೆತನ್ನಿ ಅಂದಿದ್ದಾರೆ ಡಾಕ್ಟರ್. ಅಂಗಿ ಎತ್ತಿ, ಮೊಬೈಲ್ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದೇನೆ. ನಿದ್ದೆಯಲ್ಲಿ 34. ಅತ್ತ ಮೇಲೆ 46! ಹಾಲು ಕುಡಿಯುವಾಗ ಲೆಕ್ಕವೇ ತಪ್ಪುತ್ತದೆ. ಗುಳಿ ನನಗೆ ಕಾಣುತ್ತಿಲ್ಲ. ಅತ್ತೆ ಮಾತ್ರ ‘ಹೊಟ್ಟೆ ಹಾರ್ತಾ ಉಂಟು ನೋಡು’ ಅಂತ ಹೆದರಿಸುತ್ತಾರೆ.

ಅತ್ತು ಸುಮ್ಮನಾದ ಮೇಲೆ ಎಷ್ಟು ಹೊತ್ತು ಬಿಟ್ಟು ಎಣಿಸಬೇಕು? ಸುಮ್ನೆ ಹೊಟ್ಟೆ ಏರಿಳಿಯುವುದಕ್ಕೂ ಎದೆ ಒಳಗೆ ಸೆಳೆಯುವುದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಮಕ್ಕಳ ವಾರ್ಡಿನ ನರ್ಸ್ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.