ಕೋತಿಗಿಲ್ಲದ ಬುದ್ಧಿ ನಮಗೆ ಎಲ್ಲಿಂದ ಬಂತು? ಮಕ್ಕಳಿಗೆ ನೀವು ಹೇಗೆ ಹೇಳಿದ್ರಿ?

ಕೋಥ್ರೂಡ್ ಅಮ್ಮ:
ಮಗಳು ಐದನೇ ಕ್ಲಾಸು. ಸಿಂಹಗಡಕ್ಕೆ ಹೋದಾಗ ಕೋತಿಯೊಂದು ನನ್ನ ಬ್ಯಾಗಿನ ಜಿಪ್ ಎಳೆದು ಬಿಸ್ಕಿಟ್ ಪ್ಯಾಕೆಟ್ ತಗೊಂಡು ಹೋಯ್ತು, ಅವತ್ತಿಂದ ಶುರು, ಅಷ್ಟು ಬುದ್ಧಿ ಇರೋ ಕೋತಿ ಯಾಕೆ ಮನುಷ್ಯ ಆಗ್ಲಿಲ್ಲ ಅಂತ. ಅವರಪ್ಪ ನಮ್ಮ ಮೆದುಳು ದೊಡ್ಡದು ಕಣೇ ಅಂದ್ರು, ಇವಳು ಆನೇದು ಇನ್ನೂ ದೊಡ್ಡದಲ್ವಾ ಅಂದ್ಳು, ಅಪ್ಪಂಗೆ ತಕ್ಷಣ ಆಫೀಸ್ ಕಾಲ್ ಬಂತು. ಅತ್ತೆ ದೇವರು ಕೊಟ್ಟಿದ್ದು ಅಂತ ಮುಗಿಸಿಬಿಟ್ರು. ನಿಮ್ಮನೇಲಿ ಹೇಗೆ ಹೇಳಿದ್ರಿ? ಪುಣೇಲಿ ಕರ್ಕೊಂಡು ಹೋಗಿ ತೋರಿಸೋ ಜಾಗ ಇದೆಯಾ?

ಔಂಧ್, ಇಬ್ಬರು ಮಕ್ಕಳ ಅಪ್ಪ:
ಆನೆ ಪ್ರಶ್ನೆ ಸರಿಯಾಗೇ ಕೇಳಿದಾಳೆ ಬಿಡಿ. ನಮ್ಮದು 1.3-1.4 ಕೆಜಿ, ಆನೇದು 5 ಕೆಜಿ ಹತ್ರ. ಬ್ರೆಜಿಲ್‌ನ ಸುಜಾನಾ ಹರ್ಕ್ಯುಲಾನೋ ಹೌಜೆಲ್ ಅನ್ನೋ ವಿಜ್ಞಾನಿ ಮೆದುಳನ್ನ ಕರಗಿಸಿ ಸೂಪ್ ಮಾಡಿ ಅದರಲ್ಲಿ ನರಕೋಶ ಎಣಿಸೋ ವಿಧಾನ ಕಂಡುಹಿಡಿದ್ರು (ಇಲ್ಲಿಗೆ ನಮ್ಮ ಹುಡುಗರು ಛೀ ಅಂದ್ರು, ಆದ್ರೆ ಅಲ್ಲಿಂದ ಕಿವಿ ಕೊಟ್ಟು ಕೇಳಿದ್ರು). ಆನೆಗೆ ಒಟ್ಟು 25,700 ಕೋಟಿ ನರಕೋಶ, ನಮಗೆ 8,600 ಕೋಟಿ. ಆದ್ರೆ ಆನೇದರಲ್ಲಿ ಮುಕ್ಕಾಲು ಮೂರುವೀಸಕ್ಕಿಂತ ಹೆಚ್ಚು ಹಿಂದಿನ ಚಿಕ್ಕ ಮೆದುಳಲ್ಲೇ ಇವೆ, ಯೋಚನೆ ಪ್ಲಾನಿಂಗ್ ನಡೆಯೋ ಹೊರಪದರದಲ್ಲಿ ಅದಕ್ಕೆ 560 ಕೋಟಿ ಅಷ್ಟೇ, ನಮಗೆ 1,600 ಕೋಟಿ. ಇನ್ನೊಂದು, ಈ ಮೆದುಳು ಮೈ ತೂಕದಲ್ಲಿ 2% ಇದ್ದು ತಿನ್ನೋದು ಮಾತ್ರ 20% ಶಕ್ತಿ. ಅಷ್ಟು ಊಟ ಎಲ್ಲಿಂದ ಬಂತು ಅಂದ್ರೆ ಮಾಂಸ, ಗೆಡ್ಡೆ, ಆಮೇಲೆ ಬೆಂಕಿ. ಬೇಯಿಸಿದ್ದು ಬೇಗ ಜೀರ್ಣ ಆಗಿ ಹೆಚ್ಚು ಶಕ್ತಿ ಕೊಡುತ್ತೆ, ಅಡುಗೆಯಿಂದಲೇ ನಾವು ಮನುಷ್ಯರಾದ್ವಿ ಅಂತ ಮಾನವಶಾಸ್ತ್ರಜ್ಞ ರಿಚರ್ಡ್ ರ‍್ಯಾಂಗಮ್ ವಾದ. ಎಲ್ಲರೂ ಒಪ್ಪಲ್ಲ, ಮೆದುಳು ಬೆಳೆಯೋಕೆ ಶುರುವಾದ ಕಾಲದಷ್ಟು ಹಳೇ ಬೆಂಕಿಯ ಗಟ್ಟಿ ಸಾಕ್ಷಿ ಸಿಕ್ಕಿಲ್ಲ ಅಂತ ತಕರಾರಿದೆ.

ಡೊಂಬಿವಲಿ ಟೀಚರ್:
ಅಲ್ಲ ಮಾರಾಯ್ರೆ, ಮೊದಲು ಕೋತಿ ಮನುಷ್ಯ ಆದದ್ದು ಅನ್ನುವ ಮಾತು ತೆಗೀರಿ. ನಾನು ಕ್ಲಾಸಲ್ಲಿ ಹೇಳುವುದು ಕೋತಿ ನಮ್ಮ ಅಜ್ಜ ಅಲ್ಲ, ದಾಯಾದಿ ಅಂತ. ಚಿಂಪಾಂಜಿ ಮತ್ತು ನಮ್ಮ ದಾರಿ ಬೇರೆ ಆದದ್ದು ಸುಮಾರು 60-70 ಲಕ್ಷ ವರ್ಷದ ಹಿಂದೆ, ಸಿಂಹಗಡದ ಕೋತಿಯದ್ದು ಅದಕ್ಕಿಂತ ಎಷ್ಟೋ ಮೊದಲು. ಅದು ಅರ್ಧದಲ್ಲಿ ನಿಂತದ್ದಲ್ಲ, ಅದರ ಕಾಡಿಗೆ ಬೇಕಾದ ಹಾಗೆ ಅದೂ ಬದಲಾಗಿ ಬಂದದ್ದೇ. ಮತ್ತೆ ಮೊದಲು ಬುದ್ಧಿ ಬಂತು ಆಮೇಲೆ ಎದ್ದು ನಿಂತರು ಅಂತ ಸುಮಾರು ಜನ ತಿಳ್ಕೊಂಡಿರ್ತಾರೆ, ಉಲ್ಟಾ. 1974ರಲ್ಲಿ ಇಥಿಯೋಪಿಯಾದಲ್ಲಿ ಮೂಳೆಗಳು ಸಿಕ್ಕಿದ ಲೂಸಿ ಅನ್ನುವ ಆದಿಮಾನವ ಹೆಣ್ಣು 32 ಲಕ್ಷ ವರ್ಷದವಳು, ಎರಡು ಕಾಲಲ್ಲಿ ನಡೀತಿದ್ದಳು, ತಲೆ ಮಾತ್ರ ಹೆಚ್ಚುಕಡಿಮೆ ಚಿಂಪಾಂಜಿಯಷ್ಟೇ. ಕೈ ಖಾಲಿ ಆದದ್ದು ಮೊದಲು, ತಲೆ ತುಂಬಿದ್ದು ಎಷ್ಟೋ ಆಮೇಲೆ.

ಪಿಂಪ್ರಿ ಅಕ್ಕ:
ಇಷ್ಟೆಲ್ಲಾ ನಂಬರ್ ಹೇಳಿದ್ರೆ ಮಗು ಓಡಿಹೋಗುತ್ತೆ, ನಾನು ಮಾಡಿದ್ದು ಹೇಳ್ತೀನಿ. ನನ್ನ ತಂಗಿ ಮಗನಿಗೆ ನಾಲ್ಕು ವರ್ಷ, ಅವನೆದುರು ಒಂದು ಪಾರದರ್ಶಕ ಡಬ್ಬಿ ಇಟ್ಟು, ಸುಮ್ಮನೆ ಸೌಟಿಂದ ಮೇಲೆ ತಟ್ಟಿ, ಪಕ್ಕ ಸವರಿ, ಆಮೇಲೆ ಮುಚ್ಚಳ ತೆಗೆದು ಚಾಕೊಲೇಟ್ ತಗೊಂಡೆ. ಅವನ ಸರದಿ ಬಂದಾಗ ಅವನೂ ತಟ್ಟಿದ, ಸವರಿದ, ಆಮೇಲೇ ತೆಗೆದ! ಚಾಕೊಲೇಟ್ ಹೊರಗಿಂದಲೇ ಕಾಣ್ತಿತ್ತು ಕಣ್ರೀ. ಇದು ನಂದಲ್ಲ, 2005ರಲ್ಲಿ ವಿಕ್ಟೋರಿಯಾ ಹಾರ್ನರ್, ಆಂಡ್ರೂ ವೈಟನ್ ಅನ್ನೋರು ಮಾಡಿದ ಪ್ರಯೋಗದ ಮನೆ ಆವೃತ್ತಿ. ಡಬ್ಬಿ ಒಳಗೆ ಕಾಣೋ ಹಾಗಿದ್ರೆ ಚಿಂಪಾಂಜಿ ಬೇಡದ ಹೆಜ್ಜೆ ಬಿಟ್ಟು ನೇರ ತಿಂಡಿಗೆ ಕೈ ಹಾಕ್ತವೆ, ಮಕ್ಕಳು ಎಲ್ಲಾ ಕಾಪಿ ಮಾಡ್ತಾರೆ. ನೋಡಿದ್ರೆ ಚಿಂಪಾಂಜಿನೇ ಜಾಣ. ಆದ್ರೆ ಯಾಕೆ ಅಂತ ಗೊತ್ತಿಲ್ಲದೇನೂ ದೊಡ್ಡೋರು ಮಾಡಿದ ಹಾಗೇ ಮಾಡೋದ್ರಿಂದಲೇ ಇಡ್ಲಿ ಹಿಟ್ಟು ಹುದುಗಿಸೋದು ಅಜ್ಜಿಯಿಂದ ನಮಗೆ ಬಂತು, ಬ್ಯಾಕ್ಟೀರಿಯಾ ಹೆಸರು ಯಾರಿಗೆ ಗೊತ್ತಿತ್ತು? ಒಬ್ಬೊಬ್ಬರೇ ಕೂತು ಹೊಸದಾಗಿ ಕಂಡುಹಿಡಿಯೋದಾಗಿದ್ರೆ ನಾವೂ ಕಾಡಲ್ಲೇ ಇರ್ತಿದ್ವಿ. ಕ್ಯೋಟೋದ ಅಯುಮು ಅನ್ನೋ ಚಿಂಪಾಂಜಿ ಪರದೆ ಮೇಲೆ ಕ್ಷಣ ಮಾತ್ರ ಮಿಂಚಿ ಮರೆಯಾದ ಅಂಕಿಗಳ ಜಾಗ ನೆನಪಿಟ್ಟು ಕ್ರಮವಾಗಿ ಒತ್ತುತ್ತೆ, ಅದರ ವಿಡಿಯೋ ಮಗಳಿಗೆ ತೋರಿಸಿ, ನಮ್ಮ ಅಹಂಕಾರ ಸ್ವಲ್ಪ ಇಳಿಯುತ್ತೆ.

ಮಡಗಾಂವ್‌ನಿಂದ:
ಕಾಪಿ ಹೊಡೆಯೋದೇ ಬುದ್ಧಿ ಅಂದ್ರೆ ನಾನು ಒಪ್ಪಲ್ಲ. ಜಪಾನಿನ ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಇಮೋ ಅನ್ನೋ ಮರಿ ಕೋತಿ ಗೆಣಸು ತೊಳೆದು ತಿನ್ನೋಕೆ ಶುರು ಮಾಡ್ತು, ಅದರ ಅಮ್ಮ, ಜೊತೆಗಾರರು ಎಲ್ಲಾ ಕಲಿತ್ರು. ಹಂಗಾದ್ರೆ ಅವೂ ಕಲೀತಾವಲ್ಲ. ವ್ಯತ್ಯಾಸ ಇರೋದು ಭಾಷೇಲಿ, ನಾವು ಇಲ್ಲದ ಗೆಣಸಿನ ಬಗ್ಗೆನೂ ಮಾತಾಡ್ತೀವಿ.

ಪಿಂಪ್ರಿ ಅಕ್ಕ:
ಭಾಷೆ ಮುಖ್ಯ, ಇಲ್ಲ ಅಂದ್ನಾ? ಆದ್ರೆ ಅದನ್ನೂ ಕೇಳಿ ಕೇಳಿ ಹಾಗೇ ಹೇಳಿ ಕಲಿಯೋದೇ ಅಲ್ವಾ.

ಸುರಪುರದವ, ಈಗ ಯೆರವಡಾ:
ಜಾಗ ಕೇಳೀರಲ್ಲ, ಡೆಕ್ಕನ್ ಕಾಲೇಜಿನ ಮ್ಯೂಸಿಯಂಗ ಹೋಗ್ರಿ. ಹೋಗೂಕಿಂತ ಮೊದಲ ಫೋನ್ ಮಾಡಿ ಟೈಮ್ ಕೇಳ್ಕೊಳ್ರಿ, ಮಕ್ಕಳನ್ನ ಕರ್ಕೊಂಡ ಬರ್ತೀವಿ ಅಂತ ಹೇಳ್ರಿ. ಈ ಕಾಲೇಜಿನ ಕೆ. ಪದ್ದಯ್ಯ ಅವರು ನಮ್ಮ ಹುಣಸಗಿ ಕಡೆ ವರ್ಷಗಟ್ಟಲೆ ಅಡ್ಡಾಡಿ ಇಸಾಂಪುರದಾಗ ಆದಿಮಾನವರು ಸುಣ್ಣಕಲ್ಲು ಒಡದು ಆಯುಧ ಮಾಡ್ತಿದ್ದ ಜಾಗಾನ ಅಗದು ತಗದಾರ. ಅಲ್ಲಿ ಸಿಕ್ಕ ಪ್ರಾಣಿ ಹಲ್ಲಿನ ಮ್ಯಾಲೆ ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಹಾಕ್ಯಾರ. ನಾವು ಸಣ್ಣವರಿದ್ದಾಗ ಅಂಥಾ ಕಲ್ಲಿನ ಮ್ಯಾಲೇ ದನ ಕಾಯ್ಕೋತ ಕುಂದರ್ತಿದ್ವಿ, ಯಾರಿಗೆ ಗೊತ್ತಿತ್ತು! ಅಂಗೈಯಾಗ ಹಿಡಿಯೂ ಕಲ್ಲಿನ ಕೈಗೊಡಲಿ ನೋಡಿದಾಗ ಮಗಳಿಗೆ ಒಂದು ಮಾತ ಹೇಳ್ರಿ, ಹತ್ತು ಲಕ್ಷ ವರ್ಷಕ್ಕಿಂತ ಹೆಚ್ಚು ಕಾಲ ಹೆಚ್ಚುಕಡಿಮಿ ಅದ ಆಕಾರದಾಗ ಮಾಡ್ಕೋತ ಬಂದಾರ. ನಾವೇನು ಒಮ್ಮಿಂದೊಮ್ಮೆ ಜಾಣರಾದವರಲ್ಲ.

ಕೋಥ್ರೂಡ್ ಅಮ್ಮ:
ಡಬ್ಬಿ ಆಟ ಇವತ್ತೇ ಆಡಿದ್ವಿ, ಮಗಳು ಸಿಕ್ಕಿಬೀಳ್ಲಿಲ್ಲ, ಪಕ್ಕದ ಮನೆ ಮೂರು ವರ್ಷದ ಪುಟ್ಟ ಪೂರ್ತಿ ತಟ್ಟಿದ. ಈಗ ಹೊಸ ಪ್ರಶ್ನೆ, ನಿಯಾಂಡರ್ಥಾಲ್ ಅನ್ನೋ ಹಳೇ ಕಾಲದ ಇನ್ನೊಂದು ಬಗೆ ಮನುಷ್ಯರಿಗೆ ನಮ್ಮಷ್ಟೇ ದೊಡ್ಡ ಮೆದುಳಿತ್ತಂತೆ, ಅವರೆಲ್ಲಿ ಹೋದ್ರು ಅಂತ. ಅವರಪ್ಪ ಮತ್ತೆ ಕಾಲ್‌ನಲ್ಲಿದ್ದಾರೆ.

ಡೊಂಬಿವಲಿ ಟೀಚರ್:
ಪೂರ್ತಿ ಹೋಗಲಿಲ್ಲ ಅಂತ ಹೇಳಿ. ಸುಮಾರು 40,000 ವರ್ಷದ ಹಿಂದೆ ಅವರ ಗುಂಪುಗಳು ಮುಗಿದವು, ಆದರೆ ಅಷ್ಟರಲ್ಲಿ ನಮ್ಮವರ ಜೊತೆ ಸಂಬಂಧ ಬೆಳೆದಾಗಿತ್ತು. ನಿಮ್ಮ ಮಗಳ ಡಿಎನ್‌ಎಯಲ್ಲೂ 1-2% ಅವರದ್ದುಂಟು, ಅತ್ತೆಯವರದ್ದರಲ್ಲೂ.